ಪೆಂಡಿಂಗ್ ಅಂದ್ರೆ ಯಾರ ಹತ್ರ?

ಇವತ್ತು ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ. ಸ್ಕೂಲ್ ಮೆಟ್ಟಿಲು ಹತ್ತದವರಿಗೂ ಗೊತ್ತಿರೋ ಪದ. ಪೆಂಡಿಂಗ್.

ಖಾತೆ ಬದಲಾವಣೆ ಏನಾಯ್ತು? ಪೆಂಡಿಂಗ್. ವಿಧವಾ ವೇತನ? ಪೆಂಡಿಂಗ್. ಕೋರ್ಟ್ ಕೇಸು? ಅದಂತೂ ಪೆಂಡಿಂಗೇ.

ಈ ಪದದ ಬೇರು ಲ್ಯಾಟಿನ್‌ನಲ್ಲಿದೆ. ಅರ್ಥ, ತೂಗಾಡುವುದು. ಕೊರಳಿನ ಪೆಂಡೆಂಟ್, ಗಡಿಯಾರದ ಪೆಂಡುಲಮ್, ಅಧಿಕಾರಿಗೆ ಆಗೋ ಸಸ್ಪೆಂಡ್, ಎಲ್ಲವೂ ಇದೇ ವಂಶದವು. ಆದರೆ ನಮ್ಮ ಕಚೇರಿಗಳಲ್ಲಿ ಫೈಲು ಆರಾಮಾಗಿ ಕಪಾಟಿನಲ್ಲಿ ಮಲಗಿರುತ್ತೆ. ತೂಗಾಡೋದು ಅರ್ಜಿ ಕೊಟ್ಟವರು.

ಅಂಗಡಿಯವನು 'ಬಾಕಿ' ಅಂದ್ರೆ ಯಾರು, ಯಾರಿಗೆ, ಎಷ್ಟು ಕೊಡಬೇಕು ಅನ್ನೋ ಲೆಕ್ಕ ಅವನ ಪುಸ್ತಕದಲ್ಲಿರುತ್ತೆ. 'ಪೆಂಡಿಂಗ್ ಇದೆ' ಅನ್ನೋ ಮಾತಿನಲ್ಲಿ ಯಾರೂ ಇಲ್ಲ. ಕೆಲಸ ತಾನಾಗೇ ನಿಂತುಬಿಟ್ಟಿದೆ, ಯಾರೂ ನಿಲ್ಲಿಸಿಲ್ಲ ಅನ್ನೋ ಹಾಗೆ!

ನಾನು ಓದಿದ್ದು ಇಂಜಿನಿಯರಿಂಗ್. ಕಂಪ್ಯೂಟರ್‌ನ ಪ್ರೊಸೆಸರ್‌ನಲ್ಲೂ ಪೆಂಡಿಂಗ್ ಅನ್ನೋದು ಇದೆ. ಒಂದು ಕೆಲಸದ ಮಧ್ಯೆ ಇನ್ನೊಂದು ಕರೆ ಬಂದರೆ ಅದನ್ನು ಗುರುತು ಹಾಕಿ ಇಟ್ಟುಕೊಳ್ಳುತ್ತೆ, ಸರದಿ ಬಂದಾಗ ಮುಗಿಸುತ್ತೆ. ಅಲ್ಲಿ ಪೆಂಡಿಂಗ್ ಅಂದ್ರೆ 'ನಿನ್ನ ಕೆಲಸ ನೆನಪಿದೆ' ಅಂತ. ಇಲ್ಲಿ ಪೆಂಡಿಂಗ್ ಅಂದ್ರೆ 'ಹೋಗಿ ಬನ್ನಿ' ಅಂತ.

ಪೆಂಡಿಂಗ್‌ಗೆ ಗಡುವು ಹಾಕೋಕೆ ಆಗಲ್ವಾ? ಆಗುತ್ತೆ. ಯುಪಿಐನಲ್ಲಿ ನೀವು ಇನ್ನೊಬ್ಬರಿಗೆ ಕಳಿಸಿದ ದುಡ್ಡು ನಿಮ್ಮ ಖಾತೆಯಿಂದ ಹೋಗಿ, ಅವರಿಗೆ ಸೇರದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ತಡವಾದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರ ಆರ್‌ಬಿಐ ಸುತ್ತೋಲೆ.

ಸರ್ಕಾರಿ ಕಚೇರಿಗೂ ನಮ್ಮಲ್ಲಿ ಕಾನೂನಿದೆ. 2011ರಲ್ಲಿ ಬಂದು, 2012ರಲ್ಲಿ ಜಾರಿಯಾದ ಸಕಾಲ. ಪಟ್ಟಿಯಲ್ಲಿರೋ ಪ್ರತಿ ಸೇವೆಗೂ ಇಷ್ಟೇ ದಿನ ಅಂತ ಗಡುವು. ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಅದೂ ತಪ್ಪು ಮಾಡಿದ ನೌಕರರ ಸಂಬಳದಿಂದ. ಗರಿಷ್ಠ 500.

ಲೆಕ್ಕ ಹಾಕಿ ನೋಡಿ. 25 ದಿನಕ್ಕೆ 500 ಮುಗೀತು. ಆಮೇಲೆ ಆರು ತಿಂಗಳು ಕೂರಿಸಿದರೂ ಅದೇ 500! ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಕೂಲಿ ಬಿಟ್ಟು, ಬಸ್ ಹತ್ತಿ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಬಂದರೆ ಅವಳಿಗಾಗೋ ನಷ್ಟ ಎಷ್ಟು? ಆ 500 ಎಲ್ಲಿ ಸಾಲುತ್ತೆ? ಈ ಮಿತಿಯನ್ನು ಸರ್ಕಾರ ಏರಿಸಲೇಬೇಕು.

ಅಲ್ಲಿವರೆಗೆ ನಮ್ಮ ಕೈಯಲ್ಲಿರೋದನ್ನು ಬಳಸೋಣ. ಅರ್ಜಿ ಕೊಟ್ಟಾಗ ಸಕಾಲದ ಜಿಎಸ್‌ಸಿ ನಂಬರ್ ಇರೋ ಸ್ವೀಕೃತಿ ಕೇಳಿ ತಗೊಳ್ಳಿ. ಗಡುವು ಮೀರಿದರೆ ಮೇಲ್ಮನವಿ ಹಾಕಿ. 'ಪೆಂಡಿಂಗ್ ಇದೆ' ಅಂದರೆ ತಲೆ ಆಡಿಸಿ ವಾಪಸ್ ಬರಬೇಡಿ. ಮೂರೇ ಪ್ರಶ್ನೆ ಕೇಳಿ: ಯಾರ ಟೇಬಲ್ ಮೇಲಿದೆ? ಯಾವತ್ತಿನಿಂದ? ಯಾಕೆ?

ಕೂಗಾಡೋದು ಬೇಡ. ಉತ್ತರವನ್ನು ಅವರೆದುರೇ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಹೆಸರು ಬರೆಯೋಕೆ ಶುರು ಮಾಡಿದ ಕೂಡಲೇ ಎಷ್ಟೋ ಫೈಲುಗಳಿಗೆ ಕಾಲು ಬರುತ್ತೆ.