ಉಪ್ಪಿನಕಾಯಿಯ ಬದಲು ಉಳ್ಳಾಗಡ್ಡಿ ತಪ್ಪಲ

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನಡೆದ ಆರೋಗ್ಯ ಶಿಕ್ಷಣ ಸಭೆಯಲ್ಲಿ ಆಡಿದ ಮಾತುಗಳು)



ಹೃದಯದ ತೊಂದರೆಯಿದ್ದ ಅಜ್ಜರೊಬ್ಬರು ಗುಣವಾಗಿ ಮನೆಗೆ ಹೋಗಿದ್ದರು. ಹದಿನೈದೇ ದಿನದಲ್ಲಿ ಕಾಲು ಬಾತು, ಉಸಿರಾಡಲು ಕಷ್ಟವಾಗಿ ಮರಳಿ ಬಂದರು. ಗುಳಿಗೆ ಒಂದೂ ತಪ್ಪಿಸಿರಲಿಲ್ಲ. ವಿಚಾರಿಸಿದಾಗ ಅವರ ಸೊಸೆ ಕಣ್ಣೀರು ಒರೆಸಿಕೊಳ್ಳುತ್ತಾ, "ಸಪ್ಪನ ಊಟ ಗಂಟಲಾಗ ಇಳಿಯಂಗಿಲ್ಲ ಅಂತಿದ್ರು ರೀ ಸಿಸ್ಟರ್. ದಿನಾ ಎರಡು ಹೋಳು ಉಪ್ಪಿನಕಾಯಿ ಕೊಟ್ಟೆ" ಎಂದರು. ತಪ್ಪು ಅವರದಲ್ಲ, ನನ್ನದು. ಉಪ್ಪು ಕಡಿಮೆ ಮಾಡಿ ಎಂದಿದ್ದೆ. ಬಾಯಿರುಚಿಗೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಇವತ್ತು ಅದನ್ನೇ ಹೇಳುತ್ತೇನೆ.

ಆರೋಗ್ಯವಂತರಿಗೂ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯ ಉಪ್ಪೂ ಈ ಲೆಕ್ಕದಲ್ಲೇ ಬರುತ್ತದೆ. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ತಪ್ಪಲ ಮತ್ತು ಉಪ್ಪು ಹಾಕದ ಮೊಸರು ಇಟ್ಟು ನೋಡಿ. ಅದರ ಖಾರ, ಘಾಟು ನಾಲಿಗೆಗೆ ರುಚಿ ಕೊಡುತ್ತವೆ.

ಇದನ್ನು ಮನೆಯಲ್ಲೇ ಬೆಳೆಯಬಹುದು. ಆರರಿಂದ ಎಂಟು ಇಂಚು ಆಳದ ಹಳೆಯ ಟಬ್ಬಿನ ತಳಕ್ಕೆ ತೂತು ಮಾಡಿ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿ. ಉಳ್ಳಾಗಡ್ಡಿ ಬೀಜ ಬೇಗ ಹಳತಾಗುತ್ತದೆ. ಒಂದು ವರ್ಷ ಮೀರಿದ್ದು ಸರಿಯಾಗಿ ಮೊಳೆಯುವುದಿಲ್ಲ. ಆದ್ದರಿಂದ ಹೊಸ ಬೀಜ ತನ್ನಿ. ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ. ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಬೀಜವನ್ನು ಸಾಲಾಗಿ ತೆಳುವಾಗಿ ಉದುರಿಸಿ, ಮೇಲೆ ಅರ್ಧ ಇಂಚಿನಷ್ಟು ಮಣ್ಣು ಹರಡಿ, ಕೈಯಿಂದ ನೀರು ಚಿಮುಕಿಸಿ. ಸುರಿದರೆ ಬೀಜ ಕೊಚ್ಚಿ ಹೋಗುತ್ತದೆ. ಒಂದರಿಂದ ಎರಡು ವಾರದಲ್ಲಿ ಮಡಿಚಿದ ದಾರದಂತೆ ಮೊಳಕೆ ಏಳುತ್ತದೆ. ಆಮೇಲೆ ದಿನಕ್ಕೆ ನಾಲ್ಕೈದು ತಾಸು ಬಿಸಿಲು ಬೇಕು. ಒತ್ತಾಗಿ ಬಂದ ಸಸಿಗಳನ್ನು ಇಂಚಿಗೊಂದರಂತೆ ಉಳಿಸಿ ಉಳಿದವನ್ನು ಕೀಳಿ. ಸುಮಾರು ಎರಡು ತಿಂಗಳಿಗೆ ತಪ್ಪಲ ಕೊಯ್ಲಿಗೆ ಬರುತ್ತದೆ. ಬೇರು ಕೀಳದೆ, ಮಣ್ಣಿನಿಂದ ಎರಡು ಬೆರಳು ಮೇಲಕ್ಕೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಈಗ ಹೇಳುವ ಮಾತುಗಳನ್ನು ದಯವಿಟ್ಟು ಮರೆಯಬೇಡಿ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಂಥದೇ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತಪ್ಪಲ ತಿನ್ನಿ. ಹಸಿರು ತಪ್ಪಲದಲ್ಲಿ ವಿಟಮಿನ್ ಕೆ ಹೆಚ್ಚು. ಒಮ್ಮೆಲೇ ಜಾಸ್ತಿ ತಿಂದರೆ ಗುಳಿಗೆಯ ಪರಿಣಾಮ ತಗ್ಗುತ್ತದೆ. ಮೂತ್ರಪಿಂಡದ ಕಾಯಿಲೆಯವರೂ ಕೇಳಿಯೇ ತಿನ್ನಬೇಕು.

ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ಮಣ್ಣಿನ ಕೆಲಸ ಮಾಡಬೇಡಿ; ಕಾಲಿಗೆ ಚುಚ್ಚಿದ್ದು ತಿಳಿಯದೇ ಹೋಗಬಹುದು. ಹೊಲಿಗೆ ಬಿದ್ದವರು ಟಬ್ಬು ಎತ್ತಬೇಡಿ. ಹಸಿಯಾಗಿ ತಿನ್ನುವ ಮುಂಚೆ ಹರಿಯುವ ನೀರಿನಲ್ಲಿ ಎಸಳು ಎಸಳಾಗಿ ತೊಳೆಯಿರಿ. ಟಬ್ಬಿನ ಕೆಳಗಿನ ತಟ್ಟೆಯ ನೀರನ್ನು ಎರಡು-ಮೂರು ದಿನಕ್ಕೊಮ್ಮೆ ಚೆಲ್ಲಿ, ತಟ್ಟೆಯನ್ನು ತಿಕ್ಕಿ ಒಣಗಿಸಿ. ಡೆಂಗ್ಯೂ ಸೊಳ್ಳೆ ಅಂಥ ನಿಂತ ನೀರಿನಲ್ಲೇ ಮರಿ ಮಾಡುತ್ತದೆ.

ಆ ಸೊಸೆ ಈಗ ಎರಡು ಟಬ್ಬಿನಲ್ಲಿ ತಪ್ಪಲ ಬೆಳೆಯುತ್ತಾರೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬರುತ್ತದೆ. ನೀರು ಹಾಕುವುದು ಅಜ್ಜರ ಕಾಯಕ; ನೀರು ಹಾಕಿ ಬಂದು ಬೆಳಗಿನ ಗುಳಿಗೆ ನುಂಗುತ್ತಾರೆ. ಮೊನ್ನೆ ತಪಾಸಣೆಗೆ ಬಂದಾಗ ಕಾಲಿನಲ್ಲಿ ಬಾವು ಇರಲಿಲ್ಲ. ತಪ್ಪಲದಿಂದ ರೋಗ ವಾಸಿಯಾಯಿತೆಂದು ತಿಳಿಯಬೇಡಿ. ಉಪ್ಪು ಕಡಿಮೆ ಮಾಡಿದ್ದರಿಂದ, ಗುಳಿಗೆ ಬಿಡದಿದ್ದರಿಂದ ಹಾಗಾಯಿತು. ಆ ಪಥ್ಯ ಸಹಿಸಿಕೊಳ್ಳಲು ತಪ್ಪಲ ನೆರವಾಯಿತು, ಅಷ್ಟೆ.

ನೀವೂ ಮನೆಗೆ ಹೋಗುವ ದಿನ ಪಥ್ಯದ ಬಗ್ಗೆ ಏನೇ ಸಂಶಯವಿದ್ದರೂ ಸಂಕೋಚಪಡದೆ ಕೇಳಿ.