ಸಕ್ಕರೆಯಿಂದ ಶುಗರ್‌ವರೆಗೆ



ಉಮರ್ಗಾ, ನಿಲಂಗಾ, ಉದಗೀರ ಭಾಗದ ಪಾಲಕರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಗುರುಗಳೇ, ಕನ್ನಡ ಸಾಲಿಗೆ ಹಾಕಿದರೆ ನಮ್ಮ ಮಗುವಿಗೆ ಇಂಗ್ಲಿಷ್ ಬರುತ್ತದೆಯೇ?" ಇದಕ್ಕೆ ಒಂದೇ ಶಬ್ದವನ್ನು ಹಿಡಿದು ಉತ್ತರ ಹೇಳುತ್ತೇನೆ. ಅದು ನಿಮ್ಮ ಅಡಿಗೆಮನೆಯ ಡಬ್ಬಿಯಲ್ಲಿಯೇ ಇದೆ.

ನಾವು ಸಕ್ಕರೆ ಎನ್ನುತ್ತೇವೆ. ಮರಾಠಿಯವರು ಸಾಖರ, ಉರ್ದುವಿನವರು ಶಕ್ಕರ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಶುಗರ್. ನಾಲ್ಕೂ ಒಂದೇ ಬೇರಿನ ಕುಡಿಗಳು. ಆ ಬೇರು ಸಂಸ್ಕೃತದ ಶರ್ಕರಾ. ಹರಳು, ಸಣ್ಣ ಕಲ್ಲು ಎಂಬುದು ಅದರ ಹಳೆಯ ಅರ್ಥ. ಹರಳುಗಟ್ಟಿದ ಕಬ್ಬಿನ ರಸಕ್ಕೂ ಅದೇ ಹೆಸರು ಬಂತು.

ಈ ಶಬ್ದ ಪಶ್ಚಿಮಕ್ಕೆ ಎರಡು ದಾರಿಗಳಲ್ಲಿ ಹೋಯಿತು. ಪರ್ಷಿಯನ್ನಿನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಯಿತು. ಅರಬರು ಕಬ್ಬನ್ನು ಸಿಸಿಲಿ, ಸ್ಪೇನ್‌ಗಳಿಗೆ ಒಯ್ದಾಗ ಹೆಸರೂ ಸಂಗಡ ಹೋಯಿತು. ಫ್ರೆಂಚಿನಲ್ಲಿ ಸುಕ್ರ್ ಆಗಿ, ಅಲ್ಲಿಂದ ಇಂಗ್ಲಿಷಿಗೆ ಶುಗರ್ ಆಗಿ ಸೇರಿತು. ಇನ್ನೊಂದು ದಾರಿ ಗ್ರೀಕ್ ಮತ್ತು ಲ್ಯಾಟಿನ್‌ಗಳದು. 1879ರಲ್ಲಿ ಕಂಡುಹಿಡಿದ ಸ್ಯಾಕರಿನ್, ಕಬ್ಬಿನ ಶಾಸ್ತ್ರೀಯ ಹೆಸರಾದ ಸ್ಯಾಕರಮ್ ಎರಡೂ ಆ ದಾರಿಯವು. ಮಕ್ಕಳು ಚಪ್ಪರಿಸುವ ಕ್ಯಾಂಡಿಯ ಮೂಲವೂ ನಮ್ಮದೇ. ತುಂಡು ಎಂಬರ್ಥದ ಸಂಸ್ಕೃತದ ಖಂಡ ಪರ್ಷಿಯನ್ನಿನಲ್ಲಿ ಕಂದ್ ಆಗಿ, ಅರಬ್ಬಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಿತು.

ಶರ್ಕರಾ ಸಕ್ಕರೆಯಾಗುವಾಗ ಶಕಾರ ಸಕಾರವಾಯಿತು, ರ್ಕ ಎಂಬುದು ಕ್ಕ ಆಯಿತು. ಇದು ನಮ್ಮ ತತ್ಸಮ-ತದ್ಭವದ ಪಾಠ. 13ನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದಕ್ಕೆಂದು ಅಪಭ್ರಂಶ ಪ್ರಕರಣವನ್ನು ಬರೆದಿದ್ದಾನೆ. ಈ ಪಾಠ ಕಲಿತ ಮಗುವಿಗೆ ಇಂಗ್ಲಿಷ್ ಶಬ್ದವನ್ನೂ ಬಿಡಿಸಿ ನೋಡುವ ಕಣ್ಣು ಬರುತ್ತದೆ. ಮೂರ್ನಾಲ್ಕು ಭಾಷೆ ಕೇಳುತ್ತ ಬೆಳೆಯುವ ನಮ್ಮ ಗಡಿನಾಡ ಮಕ್ಕಳಿಗೆ ಇದು ಮತ್ತಷ್ಟು ಸುಲಭ.

ಇಷ್ಟರಿಂದಲೇ ಇಂಗ್ಲಿಷ್ ಬಂದೀತೆಂದು ನಾನು ಹೇಳುವುದಿಲ್ಲ. ಓದು, ಬರಹ, ಮಾತಿನ ರೂಢಿ ದಿನವೂ ಬೇಕು. ಅದನ್ನು ನಮ್ಮ ಶಾಲೆಯಲ್ಲಿಯೇ ಕೇಳಿರಿ, ಒತ್ತಾಯಿಸಿರಿ. ಅದಕ್ಕಾಗಿ ಕನ್ನಡ ಬಿಡಿಸಬೇಕಾಗಿಲ್ಲ. ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಿಂದ ಮುಂಬಯಿ ರಾಜ್ಯಕ್ಕೆ ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯ ಶ್ರಮಿಸಬೇಕೆಂದು ಅದು ಹೇಳುತ್ತದೆ.

ಇಂದು ರಾತ್ರಿ ಊಟವಾದ ಮೇಲೆ ಮಗುವಿನಿಂದ ಸಕ್ಕರೆಯ ನಾಲ್ಕೂ ಹೆಸರುಗಳನ್ನು ಬರೆಯಿಸಿರಿ. ಕನ್ನಡದ ಹೆಸರು ಮೊದಲ ಸಾಲಿನಲ್ಲಿರಲಿ.