ಅದೇ ಮನೆಯ ಇನ್ನೊಂದು ಮಗು

(ಥಲಸ್ಸೇಮಿಯಾ ಪೀಡಿತ ಮಕ್ಕಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ರೋಗಪೀಡಿತ ಮಗುವಿನ ಕುರಿತು ಇಲ್ಲಿ ಬೆಳಗ್ಗಿನಿಂದ ಸಾಕಷ್ಟು ಚರ್ಚೆಯಾಗಿದೆ. ಅದೇ ಮನೆಯಲ್ಲಿ ಬೆಳೆಯುವ ಇನ್ನೊಂದು ಮಗುವಿನ ಬಗ್ಗೆ ನಾನು ಮಾತನಾಡಬಯಸುತ್ತೇನೆ. ನಾನು ಅಂಥ ಮಗುವಾಗಿದ್ದವನು.

ನನ್ನ ತಮ್ಮನಿಗೆ ಥಲಸ್ಸೇಮಿಯಾ ಮೇಜರ್. ಮೂರು-ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಲೇಬೇಕು. ಹಾಗೆ ಕೊಡಿಸಿದ ರಕ್ತದ ಕಬ್ಬಿಣಾಂಶವು ಹೃದಯ, ಯಕೃತ್ತುಗಳಲ್ಲಿ ಶೇಖರವಾಗುತ್ತದೆ. ಅದನ್ನು ಹೊರಹಾಕಲು ಚರ್ಮದಡಿಗೆ ಸೂಜಿ ಚುಚ್ಚಿ, ಪುಟ್ಟ ಪಂಪಿನ ಮೂಲಕ ರಾತ್ರಿಯಿಡೀ ಔಷಧಿ ಹರಿಸಬೇಕಾಗಿತ್ತು. ಮಾತ್ರೆಗಳು ಬಂದ ಮೇಲೆ ಆ ಕಷ್ಟ ಕಡಿಮೆಯಾಗಿದೆ. ಉಮ್ಮ ಆಸ್ಪತ್ರೆಗೆ ಹೊರಟರೆ ಅಡುಗೆಮನೆ ಅಕ್ಕನ ಪಾಲಿಗೆ. ನನಗೆ ಜ್ವರ ಬಂದರೂ ನಾನು ಹೇಳುತ್ತಿರಲಿಲ್ಲ. 'ಇವನು ಜಾಣ, ಯಾವ ತೊಂದರೆಯೂ ಕೊಡುವುದಿಲ್ಲ' ಎಂದು ಬಂಧುಗಳು ಹೊಗಳುತ್ತಿದ್ದರು.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಅಸ್ಥಿಮಜ್ಜೆ ಹೊಂದುತ್ತದೆಯೇ ಎಂದು ನೋಡಲು ರಕ್ತ ತೆಗೆದರು. ಒಡಹುಟ್ಟಿದ ಒಬ್ಬರ ಮಜ್ಜೆ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ನನ್ನದು ಹೊಂದಲಿಲ್ಲ. ಅದರಲ್ಲಿ ನನ್ನ ತಪ್ಪೇನೂ ಇಲ್ಲವೆಂದು ಯಾರೂ ನನಗೆ ಹೇಳಲಿಲ್ಲ. ಬಹಳ ಕಾಲ ತಮ್ಮನ ಮುಖ ನೋಡಿ ಮಾತನಾಡಲು ನನಗೆ ಸಂಕೋಚವಾಗುತ್ತಿತ್ತು.

ಅಕ್ಕನಿಗೆ ಸಂಬಂಧ ನೋಡತೊಡಗಿದಾಗ, ಕಾಯಿಲೆಯ ಸುದ್ದಿ ಹೊರಹೋಗಬಾರದೆಂದು ಹಿರಿಯರು ಕಟ್ಟಪ್ಪಣೆ ಮಾಡಿದರು. ಹೆಣ್ಣು ನೋಡಲು ಬಂದ ದಿನ ತಮ್ಮನನ್ನು ನೆರೆಮನೆಗೆ ಕಳುಹಿಸಲಾಯಿತು. ಹನ್ನೊಂದು ವರ್ಷದ ಆ ಹುಡುಗ ಏಕೆಂದು ಕೇಳಲಿಲ್ಲ.

ಈ ಗುಟ್ಟಿನಿಂದ ಸಾಧಿಸಿದ್ದಾದರೂ ಏನು? ತಂದೆ-ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. (ಇಬ್ಬರಿಂದಲೂ ಬರುವ ಈ ದೋಷಕ್ಕೆ ನಮ್ಮಲ್ಲಿ ಬೈಗುಳ ಕೇಳಿಸಿಕೊಳ್ಳುವವಳು ತಾಯಿ ಮಾತ್ರ.) ಕಾಯಿಲೆಯಿಲ್ಲದೆ ಹುಟ್ಟಿದ ಮಗು ವಾಹಕವಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ವಾಹಕರು ರೋಗಿಗಳಲ್ಲ. ವಾಹಕರಲ್ಲದವರನ್ನು ಅವರು ಮದುವೆಯಾದರೆ ಮಕ್ಕಳಿಗೆ ಥಲಸ್ಸೇಮಿಯಾ ಮೇಜರ್ ಬರುವುದಿಲ್ಲ. ಹಿಮೋಗ್ಲೋಬಿನ್ ಎ2 ಪ್ರಮಾಣವನ್ನು ಅಳೆಯುವ ರಕ್ತಪರೀಕ್ಷೆಯಿಂದ ಸಾಮಾನ್ಯವಾಗಿ ಇದು ತಿಳಿಯುತ್ತದೆ. ಹತ್ತಿರದ ಸಂಬಂಧದಲ್ಲೇ ಮದುವೆ ನಡೆಯುವ ಕುಟುಂಬಗಳಲ್ಲಂತೂ ಇಬ್ಬರು ವಾಹಕರು ಜೊತೆಯಾಗುವ ಸಾಧ್ಯತೆ ಹೆಚ್ಚು.

ಇರಾನಿನಲ್ಲಿ 1997ರಿಂದಲೂ ಸೌದಿ ಅರೇಬಿಯಾದಲ್ಲಿ 2004ರಿಂದಲೂ ವಿವಾಹಪೂರ್ವ ಪರೀಕ್ಷೆ ಕಡ್ಡಾಯವಾಗಿದೆ. ಗಲ್ಫಿನಿಂದ ಚಿನ್ನ, ಅತ್ತರು ತಂದ ನಾವು ಇದನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದೆವು! ನಿಕಾಹ್‌ನ ದಿನ ಗೊತ್ತುಪಡಿಸುವ ಮುನ್ನ, ಪರೀಕ್ಷೆ ಮಾಡಿಸಿದ್ದೀರಾ ಎಂದು ಎರಡೂ ಕಡೆಯವರನ್ನು ಕೇಳಲು ಜಮಾಅತ್ ಸಮಿತಿಗಳಿಗೆ ಯಾವ ಅಡ್ಡಿಯಿದೆ? ಮಾತು ಹೆಣ್ಣಿನ ಮನೆಯೊಂದರ ತಲೆಯ ಮೇಲೆ ಬೀಳಬಾರದು.

ಅಕ್ಕನ ಪರೀಕ್ಷೆ ನಡೆದದ್ದು ಮದುವೆಯಾಗಿ ಮೂರು ವರ್ಷಗಳ ಬಳಿಕ. ಆಕೆ ವಾಹಕಿ. ಅಲ್ಲಾಹನ ಅನುಗ್ರಹ, ಭಾವ ವಾಹಕರಲ್ಲ. ಹಿರಿಯರ ಮುಂದಾಲೋಚನೆಯಿಂದಂತೂ ಅದು ಆದದ್ದಲ್ಲ.

ಇಲ್ಲಿರುವ ತಂದೆ-ತಾಯಂದಿರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ರಕ್ತ ಕೊಡಿಸಲು ಹೋಗುವಾಗ ಉಳಿದ ಮಕ್ಕಳನ್ನೂ ಕರೆದೊಯ್ಯಿರಿ. ಅವರ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ವಿಚಾರಿಸಿ. ಯಾವುದಕ್ಕಾಗಿ ರಕ್ತ ತೆಗೆಯುತ್ತಿದ್ದಾರೆಂದು ಮಕ್ಕಳಿಗೂ ತಿಳಿಸಿ ಹೇಳಿ.